ಡೊಮೇನ್ ಒಂದೇ ಇರಲಿ, ಸಬ್‌ಡೊಮೇನ್ ಅಂಗಡಿಗೆ ಕೊಡಿ

ತೀರ್ಥಹಳ್ಳಿ ಹತ್ತಿರದ ನಿಮ್ಮ ಹೋಂಸ್ಟೇಗೆ ಒಂದು ವೆಬ್‌ಸೈಟ್, ಅಪ್ಪೆಮಿಡಿ ಉಪ್ಪಿನಕಾಯಿ ಮಾರಲು ಒಂದು, ಸುತ್ತಲಿನ ಜಾಗಗಳ ಬಗ್ಗೆ ಬರೆಯಲು ಇನ್ನೊಂದು. ಮೂರಕ್ಕೂ ಬೇರೆ ಡೊಮೇನ್ (ವೆಬ್‌ಸೈಟಿನ ವಿಳಾಸದ ಹೆಸರು) ಕೊಳ್ಳಬೇಕೇ, ಒಂದೇ ಡೊಮೇನಿನ ಆರಂಭಕ್ಕೆ ಇನ್ನೊಂದು ಪದ, ಚುಕ್ಕಿ ಸೇರಿಸಿ ಮಾಡುವ ಸಬ್‌ಡೊಮೇನ್ ಸಾಕೇ ಎಂದು ಕೇಳಿದ್ದೀರಿ. ಸಾಗರದಲ್ಲಿದ್ದು ಇಂಥ ಸಣ್ಣ ವ್ಯವಹಾರಗಳ ವೆಬ್‌ಸೈಟ್ ನೋಡಿಕೊಳ್ಳುವುದೇ ನನ್ನ ಕೆಲಸ. ಒಂದು ಡೊಮೇನ್ ಧಾರಾಳವಾಯಿತು. ಸಬ್‌ಡೊಮೇನಿಗೆ ಪ್ರತ್ಯೇಕ ನೋಂದಣಿ ಶುಲ್ಕವಿಲ್ಲ, ವರ್ಷ ವರ್ಷ ನವೀಕರಿಸುವ ತಲೆಬಿಸಿಯೂ ಇಲ್ಲ.

ಹಾಗೆಂದು ಮೂರಕ್ಕೂ ಸಬ್‌ಡೊಮೇನ್ ಮಾಡಬೇಡಿ. ಕುಂದಾದ್ರಿಯ ಸೂರ್ಯೋದಯ, ಕವಲೇದುರ್ಗ ಹತ್ತುವ ದಾರಿ ಎಂದು ಹುಡುಕಿ ಓದುವವರೇ ನಾಳೆ ನಿಮ್ಮಲ್ಲಿ ಕೋಣೆ ಕೇಳುವವರು. ಆ ಬರಹಗಳು ಹೋಂಸ್ಟೇ ಸೈಟಿನೊಳಗೇ ಒಂದು ಫೋಲ್ಡರಿನಲ್ಲಿರಲಿ. ಅಂಗಡಿಯ ವ್ಯವಹಾರವೇ ಬೇರೆ: ಕಾರ್ಟ್, ಪಾವತಿ, ದಾಸ್ತಾನು, ಅದಕ್ಕೆ ತಕ್ಕ ತಂತ್ರಾಂಶ. ‘ಶಾಪ್’ ಎಂಬ ಸಬ್‌ಡೊಮೇನ್ ಅದಕ್ಕೆ ಸರಿ.

ನಿಮ್ಮ ಹೋಸ್ಟಿಂಗ್ (ಸೈಟಿನ ಕಡತಗಳನ್ನಿಡುವ ಬಾಡಿಗೆ ಜಾಗ) ಖಾತೆಯನ್ನು ನಿರ್ವಹಿಸಲು ಸಿಪ್ಯಾನೆಲ್ ಎಂಬ ತಂತ್ರಾಂಶ ಇದ್ದರೆ ‘ಡೊಮೇನ್ಸ್’ ಪುಟದಲ್ಲಿ ಇದನ್ನು ಸೇರಿಸಬಹುದು. ಅಲ್ಲಿ ‘ಶೇರ್ ಡಾಕ್ಯುಮೆಂಟ್ ರೂಟ್’ ಎಂಬ ಚೌಕದಲ್ಲಿ ಟಿಕ್ ಇದ್ದರೆ ತೆಗೆಯಿರಿ. ಬಿಟ್ಟರೆ ಅಂಗಡಿಯ ವಿಳಾಸದಲ್ಲೂ ಹೋಂಸ್ಟೇಯೇ ತೆರೆದುಕೊಳ್ಳುತ್ತದೆ. ಅಂಗಡಿಯ ಫೋಲ್ಡರನ್ನು ಮುಖ್ಯ ಸೈಟಿನ ಕಡತಗಳಿರುವ ಪಬ್ಲಿಕ್-ಎಚ್‌ಟಿಎಂಎಲ್ ಫೋಲ್ಡರಿನ ಒಳಗೆ ಇಡಬೇಡಿ, ಅದರ ಪಕ್ಕದಲ್ಲಿ ಇಡಿ. ಒಳಗಿಟ್ಟರೆ ಅದೇ ಪುಟಗಳು ಮುಖ್ಯ ಡೊಮೇನಿನ ಹೆಸರಿನ ನಂತರ ಓರೆಗೆರೆ ಹಾಕಿ ಫೋಲ್ಡರಿನ ಹೆಸರು ಬರೆದರೂ ಸಿಗುತ್ತವೆ, ಒಂದೇ ಸರಕಿಗೆ ಎರಡು ವಿಳಾಸವಾಗುತ್ತದೆ. ಸರ್ವರಿಗೆ ಸೂಚನೆ ಕೊಡುವ, ಮುಖ್ಯ ಸೈಟಿನ ಎಚ್‌ಟಿಆಕ್ಸೆಸ್ ಕಡತದ ನಿಯಮಗಳೂ ಅಂಗಡಿಗೆ ತಗಲುತ್ತವೆ. ಆಗ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದೇ ದೊಡ್ಡ ಕೆಲಸ.

ಡೊಮೇನಿನ ದಾಖಲೆಗಳನ್ನಿಡುವ ನೇಮ್‌ಸರ್ವರ್ ಹೋಸ್ಟಿಂಗ್ ಕಂಪನಿಯದ್ದಲ್ಲದಿದ್ದರೆ, ಸಬ್‌ಡೊಮೇನ್ ಯಾವ ಸರ್ವರಿಗೆ ಹೋಗಬೇಕೆಂದು ತಿಳಿಸುವ ಎ ರೆಕಾರ್ಡನ್ನು ನೀವೇ ಸೇರಿಸಬೇಕು. ಬ್ರೌಸರ್, ಸೈಟಿನ ನಡುವಿನ ಸಂಪರ್ಕವನ್ನು ಸುರಕ್ಷಿತವಾಗಿಡುವ ಎಸ್‌ಎಸ್‌ಎಲ್ ಪ್ರಮಾಣಪತ್ರದಲ್ಲಿ ಸಬ್‌ಡೊಮೇನಿನ ಹೆಸರೂ ಇದೆಯೇ ನೋಡಿಕೊಳ್ಳಿ.

ಸಬ್‌ಡೊಮೇನ್ ಮಾಡಿದ ಮಾತ್ರಕ್ಕೆ ಎರಡು ಸೈಟುಗಳು ಪರಸ್ಪರ ಸುರಕ್ಷಿತವಾಗುವುದಿಲ್ಲ. ಇದನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ಒಂದೇ ಖಾತೆಯ ಕಡತಗಳಿಗೆಲ್ಲ ಸಾಮಾನ್ಯವಾಗಿ ಯಜಮಾನ ಒಬ್ಬನೇ. ಹೋಂಸ್ಟೇ ಸೈಟಿನ ಹಳೆಯ ಪ್ಲಗಿನ್ (ಸೈಟಿಗೆ ಸೇರಿಸಿದ ಹೆಚ್ಚುವರಿ ತಂತ್ರಾಂಶ) ಮೂಲಕ ನುಗ್ಗಿದವನ ಕೈ ಅಂಗಡಿಯ ಕಡತಗಳಿಗೂ, ಅಲ್ಲಿಂದ ಗ್ರಾಹಕರ ವಿಳಾಸ, ಫೋನ್ ನಂಬರುಗಳಿಗೂ ತಲುಪಬಹುದು. ನಿಮ್ಮನ್ನು ನಂಬಿ ಕೊಟ್ಟ ವಿವರಗಳವು. ಆರ್ಡರ್ ನಿಯಮಿತವಾಗಿ ಬರತೊಡಗಿದ ಕೂಡಲೇ ಅಂಗಡಿಯನ್ನು ಬೇರೆ ಹೋಸ್ಟಿಂಗ್ ಖಾತೆಗೆ ಸಾಗಿಸಿ. ನಾನು ಸಬ್‌ಡೊಮೇನ್ ಹೇಳಿದ್ದೂ ಮುಖ್ಯವಾಗಿ ಇದಕ್ಕೇ: ಕಡತ, ಡೇಟಾಬೇಸ್ ಎರಡನ್ನೂ ಹೊಸ ಜಾಗಕ್ಕೆ ಹಾಕಿ ಎ ರೆಕಾರ್ಡ್ ಬದಲಿಸಿದರೆ ಆಯಿತು, ಬಾಟಲಿಯ ಚೀಟಿಯಲ್ಲಿ ಅಚ್ಚಾದ ವಿಳಾಸ ಬದಲಾಗುವುದಿಲ್ಲ. ಫೋಲ್ಡರಿನಲ್ಲಿದ್ದರೆ ಇದು ಇಷ್ಟು ಸಲೀಸಲ್ಲ.

ಪ್ರಯೋಗಕ್ಕೆಂದು ‘ಟೆಸ್ಟ್’ ಸಬ್‌ಡೊಮೇನ್ ಮಾಡುವುದಾದರೆ ಮೊದಲ ದಿನವೇ ಪಾಸ್‌ವರ್ಡ್ ಹಾಕಿ. ಇಲ್ಲದಿದ್ದರೆ ಅರೆಬರೆ ಪುಟಗಳು, ಹಳೆಯ ಬಾಡಿಗೆ ದರ ಎಲ್ಲ ಗೂಗಲ್‌ನಲ್ಲಿ ಕಾಣಿಸಿಕೊಂಡು, ಅದೇ ದರ ಹಿಡಿದು ಅತಿಥಿಗಳು ಫೋನ್ ಮಾಡುತ್ತಾರೆ.