6 ಅಡಿ ಅಕ್ವೇರಿಯಂ ಟ್ಯಾಂಕಿನ ಪ್ಲಂಬಿಂಗ್: ಸಾಲ್ವೆಂಟ್ ಹಚ್ಚುವ ಮೊದಲು ಕರೆಂಟ್ ಹೋದಾಗಿನ ಲೆಕ್ಕ ಹಾಕಿ

ಸರ್, ದಯವಿಟ್ಟು ಸಾಲ್ವೆಂಟ್ (ಪೈಪ್ ಅಂಟು) ಡಬ್ಬಿ ಇನ್ನೂ ತೆರೆಯಬೇಡಿ. ನೀವು ಇಲ್ಲಿ ಹಾಕಿರುವ ಮೀನಿನ ಟ್ಯಾಂಕಿನ ಡ್ರಾಯಿಂಗ್ ನೋಡಿದೆ. 6x2x2 ಅಡಿ ಟ್ಯಾಂಕ್, ಮೈಸೂರಿನಲ್ಲಿ ಎರಡನೇ ಮಹಡಿ. ಕೆಳಗೆ ಕ್ಯಾಬಿನೆಟ್ ಒಳಗೆ 3x1.5x1.5 ಅಡಿ ಸಂಪ್, ಅಂದರೆ ನೀರು ಸೋಸುವ ತೊಟ್ಟಿ. ಟ್ಯಾಂಕಿನಿಂದ ಸಂಪ್‌ಗೆ ನೀರು ಇಳಿಯಲು 1 ಇಂಚಿನ ಒಂದೇ ಡ್ರೈನ್. ನೀರನ್ನು ವಾಪಸ್ ಮೇಲೆತ್ತಲು ಗಂಟೆಗೆ 5000 ಲೀಟರ್ ಪಂಪ್. ಪಂಪಿನಿಂದ ಬರುವ ರಿಟರ್ನ್ ಪೈಪ್ ಟ್ಯಾಂಕಿನ ನೀರಿನೊಳಗೆ 15 ಸೆಂ.ಮೀ. ಇಳಿದಿದೆ, ನಡುವೆ ಒಂದು ಚೆಕ್ ವಾಲ್ವ್ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್). ನೀವು ಕೇಳಿರುವುದು ಈ ಪಂಪ್ ಸಾಕಾ ಅಂತ. ಪಂಪ್ ಸಾಕು. ಉಳಿದಿದ್ದೇ ತೊಂದರೆ.

ನನ್ನ ಹಳೆಯ 4 ಅಡಿ ಟ್ಯಾಂಕಿನ ಪ್ಲಾನ್ ಹೆಚ್ಚೂಕಡಿಮೆ ಇದೇ ಆಗಿತ್ತು. ಹಾಗಾಗಿ ಸುಮ್ನೆ ನೋಡಿಕೊಂಡು ಹೋಗಲು ಮನಸ್ಸು ಬರಲಿಲ್ಲ.

ಲೆಕ್ಕ ಹೀಗಿದೆ. ನಿಮ್ಮ ಟ್ಯಾಂಕಿನ ಅಳತೆಗೆ ನೀರು 1 ಸೆಂ.ಮೀ. ಇಳಿದರೆ 11 ಲೀಟರ್. ಕರೆಂಟ್ ಹೋದ ಕೂಡಲೇ ರಿಟರ್ನ್ ಪೈಪ್ ಸೈಫನ್ ಆಗಿ ನೀರನ್ನು ಹಿಂದಕ್ಕೆ ಎಳೆಯುತ್ತದೆ. ಪೈಪಿನ ಬಾಯಿಗೆ ಗಾಳಿ ಸಿಗುವ ತನಕ ನಿಲ್ಲುವುದಿಲ್ಲ. 15 ಸೆಂ.ಮೀ. ಅಂದರೆ 165 ಲೀಟರ್ ಕೆಳಗೆ ಬರುತ್ತದೆ. ನಿಮ್ಮ ಸಂಪ್ ಪೂರ್ತಿ ತುಂಬಿದರೆ 190 ಲೀಟರ್. ಅರ್ಧ ತುಂಬಿ ಓಡುತ್ತಿದೆ ಅಂದುಕೊಂಡರೂ ಖಾಲಿ ಜಾಗ 95 ಲೀಟರ್. ಮಿಕ್ಕ 70 ಲೀಟರ್ ಎಲ್ಲಿ ಹೋಗುತ್ತದೆ? ಕ್ಯಾಬಿನೆಟ್ಟಿನ ಪ್ಲೈವುಡ್‌ಗೆ, ಹಾಲ್‌ಗೆ, ಆಮೇಲೆ ಕೆಳಗಿನ ಮನೆಯವರ ಸೀಲಿಂಗ್‌ಗೆ. ಸಂಪ್ ಒಳಗಿನ ಬಯೋ ಮೀಡಿಯಾ (ಬ್ಯಾಕ್ಟೀರಿಯಾ ಬೆಳೆಯುವ ಫಿಲ್ಟರ್ ಸಾಮಗ್ರಿ), ಗಾಜಿನ ಪಾರ್ಟಿಶನ್ ತಿನ್ನುವ ಜಾಗವನ್ನು ನಾನು ಇನ್ನೂ ಕಳೆದಿಲ್ಲ.

ಮೇಲಿನ ಕಾಮೆಂಟ್‌ನಲ್ಲಿ ಒಬ್ಬರು "ಚೆಕ್ ವಾಲ್ವ್ ಇದೆಯಲ್ಲ, ಟೆನ್ಶನ್ ಬೇಡ" ಎಂದು ಬರೆದಿದ್ದಾರೆ. ದಯವಿಟ್ಟು ಹೊಸಬರಿಗೆ ಹೀಗೆ ಹೇಳಬೇಡಿ. ಚೆಕ್ ವಾಲ್ವ್ ಹೊಸದರಲ್ಲಿ ಚೆನ್ನಾಗಿ ಹಿಡಿಯುತ್ತದೆ. ಕೆಲವು ತಿಂಗಳು ಕಳೆದರೆ ಒಳಗಿನ ಫ್ಲ್ಯಾಪ್ ಮೇಲೆ ಕಂದು ಲೋಳೆ ಕೂರುತ್ತದೆ. ನನ್ನದನ್ನು ಬಿಚ್ಚಿ ನೋಡಿದಾಗ ಫ್ಲ್ಯಾಪ್ ಮತ್ತು ಅದು ಕೂರುವ ಅಂಚಿನ ನಡುವೆ ಒಂದು ಟ್ರಂಪೆಟ್ ಬಸವನಹುಳು ಸಿಕ್ಕಿಕೊಂಡಿತ್ತು. ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಆ ಸಂದಿಯಿಂದಲೇ ರಾತ್ರಿಯಿಡೀ ನೀರು ಇಳಿದು ಹಾಲ್ ತುಂಬಾ ಹರಡಿತ್ತು. ಮರಳಿನ ಕಾಳು, ಗಿಡದ ಬೇರು, ಯಾವುದು ಬೇಕಾದರೂ ಇದನ್ನೇ ಮಾಡುತ್ತದೆ. ಬೇಕಿದ್ದರೆ ಹಾಕಿಕೊಳ್ಳಿ, ಆದರೆ ಅದು ಇಲ್ಲ ಎಂದುಕೊಂಡೇ ಸಂಪ್ ಲೆಕ್ಕ ಹಾಕಿ.

ಪರಿಹಾರಕ್ಕೆ ಖರ್ಚೇ ಇಲ್ಲ. ರಿಟರ್ನ್ ಪೈಪಿನ ಬಾಯಿಯನ್ನು ನೀರಿನ ಮಟ್ಟದಿಂದ 2 ಸೆಂ.ಮೀ. ಕೆಳಗೆ ಮಾತ್ರ ಇಡಿ. ಆಗ ಹಿಂದೆ ಬರುವುದು 22 ಲೀಟರ್, ಜೊತೆಗೆ ಪೈಪ್ ಒಳಗಿನ ಒಂದಿಷ್ಟು ನೀರು. ಕರೆಂಟ್ ದಿನಕ್ಕೆ ಹತ್ತು ಸಲ ಹೋದರೂ ಸಂಪ್ ಆರಾಮಾಗಿ ತಡೆದುಕೊಳ್ಳುತ್ತದೆ. ಪೈಪಿಗೆ ಸೈಫನ್ ಬ್ರೇಕ್ ತೂತು (ಗಾಳಿ ಎಳೆದು ಸೈಫನ್ ನಿಲ್ಲಿಸುವ ಸಣ್ಣ ತೂತು) ಕೊರೆಯುವುದೂ ಒಳ್ಳೆಯದೇ, ಆದರೆ ಪಾಚಿ ಕಟ್ಟಿ ಅದು ಮುಚ್ಚಿಹೋಗುತ್ತದೆ. ಅದನ್ನೊಂದೇ ನಂಬಬೇಡಿ. ತಳದಲ್ಲಿ ಫ್ಲೋ ಬೇಕು ಅಂತಲೇ ಪೈಪ್ ಇಳಿಸಿದ್ದರೆ ಅದಕ್ಕೆ ಬೇರೆ ವೇವ್‌ಮೇಕರ್ (ಟ್ಯಾಂಕಿನೊಳಗೆ ನೀರು ತಿರುಗಿಸುವ ಫ್ಯಾನ್) ಹಾಕಿ.

ಈಗ ಡ್ರೈನ್. ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ದೊಡ್ಡ ಟ್ಯಾಂಕಿನಲ್ಲಿ ಒಂದೇ ಡ್ರೈನ್ ಇಡುವುದನ್ನು ನಾನು ಯಾವತ್ತೂ ಒಪ್ಪುವುದಿಲ್ಲ. ಅಮೆಜಾನ್ ಸ್ವೋರ್ಡ್ ಗಿಡದ ಒಂದು ಎಲೆ, ಸತ್ತ ಒಂದು ಮೀನು ಸಾಕು ಬಾಯಿ ಮುಚ್ಚಲು. ಪಂಪ್ ಮಾತ್ರ ಮೇಲಕ್ಕೆ ನೀರು ತಳ್ಳುತ್ತಲೇ ಇರುತ್ತದೆ. ಅದಲ್ಲದೆ 1 ಇಂಚಿನ ಪೈಪಿನಲ್ಲಿ ಗಾಳಿಯೂ ನೀರೂ ಸೇರಿ ಇಳಿಯುವಾಗ ಗಂಟೆಗೆ 2000 ಲೀಟರ್ ಸುಮಾರಿಗೆ ಅದು ಏದುಸಿರು ಬಿಡುತ್ತದೆ. ಗಳಗಳ ಸದ್ದು ಬೇರೆ. ಹಾಲ್‌ನಲ್ಲಿ ಟಿವಿ ಕೇಳಿಸುವುದಿಲ್ಲ.

ನಾನು ಹಾಕುವುದು ಹರ್ಬಿ ಪದ್ಧತಿ. ಓವರ್‌ಫ್ಲೋ ಬಾಕ್ಸ್ (ಟ್ಯಾಂಕಿನ ಮೇಲ್ಭಾಗದ ನೀರು ಹಲ್ಲುಗಳ ಸಂದಿಯಿಂದ ಬಂದು ಬೀಳುವ ಡಬ್ಬಿ) ಒಳಗೆ ಎರಡು ಪೈಪ್. ಮೊದಲನೆಯದು 1 ಇಂಚು, ಮೇನ್. ಇದರ ಬಾಯಿ ಬಾಕ್ಸಿನಲ್ಲಿ ಕೆಳಗೆ, ಸದಾ ನೀರಿನಲ್ಲಿ ಮುಳುಗಿರಬೇಕು. ಕೆಳಗೆ ಸಂಪ್ ಹತ್ತಿರ ಇದಕ್ಕೊಂದು ಗೇಟ್ ವಾಲ್ವ್ (ಹರಿವನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುವ ವಾಲ್ವ್). ಎರಡನೆಯದು ಎಮರ್ಜೆನ್ಸಿ, 1.5 ಇಂಚು. ಇದರ ಬಾಯಿ ಬಾಕ್ಸಿನ ಹಲ್ಲುಗಳಿಗಿಂತ ಸ್ವಲ್ಪವೇ ಕೆಳಗೆ. ಇದಕ್ಕೆ ವಾಲ್ವ್ ಬೇಡ. ಯಾರು ಹೇಳಿದರೂ ಬೇಡ.

ಪಂಪ್ ಆನ್ ಮಾಡುವಾಗ ಗೇಟ್ ವಾಲ್ವ್ ಪೂರ್ತಿ ತೆರೆದಿಡಿ. ಬಾಕ್ಸಿನಲ್ಲಿ ನೀರು ಇಳಿದು ಸೊರಸೊರ ಎಂದು ಗಾಳಿ ಎಳೆಯುವ ಸದ್ದು ಬರುತ್ತದೆ. ಈಗ ಕಾಲು ಸುತ್ತು, ಕಾಲು ಸುತ್ತು ಮುಚ್ಚುತ್ತಾ ಬನ್ನಿ. ಪ್ರತಿ ಸಲವೂ ಒಂದೆರಡು ನಿಮಿಷ ಕಾಯಿರಿ. ನೀರು ನಿಧಾನವಾಗಿ ಏರುತ್ತದೆ. ಎಮರ್ಜೆನ್ಸಿ ಪೈಪಿನ ಅಂಚು ದಾಟಿ ಒಂದು ತೆಳು ಎಳೆಯಷ್ಟು ನೀರು ಒಳಗೆ ಜಾರುವಾಗ ನಿಲ್ಲಿಸಿ. ಆ ಎಳೆ ಬೇಕೇ ಬೇಕು. ಪಂಪಿನ ಫ್ಲೋ ಅಲ್ಪಸ್ವಲ್ಪ ಆಚೀಚೆ ಆದರೆ ಆ ಎಳೆ ದಪ್ಪ ಆಗುತ್ತದೆ ಇಲ್ಲವೇ ತೆಳು ಆಗುತ್ತದೆ, ಮಟ್ಟ ಮಾತ್ರ ಅಲ್ಲೇ ನಿಲ್ಲುತ್ತದೆ. ಮೇನ್ ಪೈಪಿನಲ್ಲಿ ಗಾಳಿಯೇ ಇಲ್ಲದ್ದರಿಂದ ಸದ್ದೂ ಇಲ್ಲ. ಮರುದಿನ ಇನ್ನೊಮ್ಮೆ ಚೂರು ಸರಿ ಮಾಡಬೇಕಾಗುತ್ತದೆ.

ಎರಡು ವಿಷಯ ಮರೆಯಬೇಡಿ. ಮೇನ್ ಪೈಪಿನ ತುದಿ ಸಂಪ್ ನೀರಿನಲ್ಲಿ 2-3 ಸೆಂ.ಮೀ. ಮಾತ್ರ ಮುಳುಗಿರಲಿ. ಜಾಸ್ತಿ ಮುಳುಗಿಸಿದರೆ ಕರೆಂಟ್ ವಾಪಸ್ ಬಂದಾಗ ಪೈಪಿನ ಗಾಳಿ ಹೊರಗೆ ಹೋಗಲು ಒದ್ದಾಡುತ್ತದೆ, ಸೈಫನ್ ಹಿಡಿಯುವುದೇ ಇಲ್ಲ. ಎಮರ್ಜೆನ್ಸಿಯ ತುದಿ ಮಾತ್ರ ಸಂಪ್ ನೀರಿನ ಮೇಲೆಯೇ ಇರಲಿ. ಮೇನ್ ಕಟ್ಟಿಕೊಂಡ ದಿನ ಅಲ್ಲಿಂದ ಧೋ ಎಂದು ನೀರು ಬೀಳುವ ಸದ್ದೇ ನಿಮಗೆ ಅಲಾರಂ. ಇನ್ನೂ ಭದ್ರ ಬೇಕಾದರೆ ಮೂರು ಪೈಪಿನ ಬೀನ್ ಅನಿಮಲ್ ಪದ್ಧತಿ ಇದೆ. ನಿಮ್ಮ ಅಳತೆಗೆ ಎರಡು ಸಾಕು ಅನ್ನುವುದು ನನ್ನ ಅಭಿಪ್ರಾಯ.

ಬಾಲ್ ವಾಲ್ವ್‌ನಲ್ಲಿ ಈ ಟ್ಯೂನಿಂಗ್ ಆಗುವುದಿಲ್ಲ. ಕೂದಲೆಳೆ ತಿರುಗಿಸಿದರೂ ಫ್ಲೋ ಎಗರುತ್ತದೆ. ಗೇಟ್ ವಾಲ್ವ್ ಕೇಳಿದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಹಿತ್ತಾಳೆಯದು ಕೊಡುತ್ತಾರೆ. ತರಬೇಡಿ. ತಾಮ್ರ ಬಿಟ್ಟುಕೊಂಡರೆ ಸೀಗಡಿ, ಬಸವನಹುಳುಗಳಿಗೆ ವಿಷ. ಮರೀನ್ (ಸಮುದ್ರದ ಉಪ್ಪುನೀರಿನ) ಟ್ಯಾಂಕಿಗಂತೂ ಹತ್ತಿರವೂ ತರುವಂತಿಲ್ಲ. ಪ್ಲಾಸ್ಟಿಕ್ ಗೇಟ್ ವಾಲ್ವ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಬೆಲೆ ಜಾಸ್ತಿ, ಆದರೂ ಅದನ್ನೇ ತನ್ನಿ. ಹಾಗೆಯೇ ಒಳಗೆ ಹಿತ್ತಾಳೆ ಥ್ರೆಡ್ ಇರುವ ಎಫ್‌ಟಿಎ, ಎಂಟಿಎ (ಥ್ರೆಡ್ ಅಡಾಪ್ಟರ್) ಫಿಟ್ಟಿಂಗ್‌ಗಳನ್ನೂ ಬಿಟ್ಟು ಪೂರ್ತಿ ಪ್ಲಾಸ್ಟಿಕ್‌ನವನ್ನೇ ಕೇಳಿ ತೆಗೆದುಕೊಳ್ಳಿ.

ಪೈಪ್ ಅಳತೆಯಲ್ಲಿ ಎಲ್ಲರೂ ಎಡವುತ್ತಾರೆ. ಅಂಗಡಿಯಲ್ಲಿ "1 ಇಂಚು" ಎಂದರೆ ಮೂರು ಬೇರೆ ಬೇರೆ ಪೈಪ್ ಬರಬಹುದು. ಬಿಳಿ ಯುಪಿವಿಸಿ ಶೆಡ್ಯೂಲ್ 40 ಅಥವಾ 80 ಆದರೆ ಹೊರ ಅಳತೆ 33.4 ಎಂಎಂ. ಸಿಪಿವಿಸಿ ಆದರೆ 28.6. ತೋಟಕ್ಕೆ ಹಾಕುವ ಪಿವಿಸಿ ಆದರೆ 32. ಆನ್‌ಲೈನ್‌ನಲ್ಲಿ ಬರುವ ಅಕ್ವೇರಿಯಂ ಬಲ್ಕ್‌ಹೆಡ್‌ಗಳು (ಗಾಜಿನ ತೂತಿಗೆ ಸೋರದಂತೆ ಪೈಪ್ ಕೂರಿಸುವ ಫಿಟ್ಟಿಂಗ್) ಬಹುಪಾಲು 25, 32, 50 ಎಂಎಂ ಲೆಕ್ಕದವು. 32ರ ಬಲ್ಕ್‌ಹೆಡ್‌ಗೆ 33.4ರ ಪೈಪ್ ಒಳಗೇ ಹೋಗುವುದಿಲ್ಲ. ಮರಳು ಕಾಗದದಲ್ಲಿ ಉಜ್ಜಿ ತೂರಿಸಲು ಹೋಗಬೇಡಿ, ಮುಂದೆ ಸೋರುತ್ತದೆ. ಬಲ್ಕ್‌ಹೆಡ್ ಮೊದಲು ಕೈಗೆ ಬರಲಿ, ಅದನ್ನು ಜೇಬಿನಲ್ಲಿ ಇಟ್ಟುಕೊಂಡೇ ಪೈಪ್ ಅಂಗಡಿಗೆ ಹೋಗಿ. ಆಶೀರ್ವಾದ್, ಸುಪ್ರೀಂ, ಆಸ್ಟ್ರಲ್, ಫಿನೋಲೆಕ್ಸ್ ಯಾವುದಾದರೂ ನಡೆಯುತ್ತದೆ, ಆದರೆ ಪೈಪ್, ಎಲ್ಬೋ, ಸಾಲ್ವೆಂಟ್ ಎಲ್ಲಾ ಒಂದೇ ಕಂಪನಿಯದಿರಲಿ. ಯುಪಿವಿಸಿಗೆ ಯುಪಿವಿಸಿ ಸಾಲ್ವೆಂಟೇ ಬೇಕು. ಪ್ಲಂಬರ್ ಕೈಯಲ್ಲಿದ್ದ ಸಿಪಿವಿಸಿಯ ಹಳದಿ ಡಬ್ಬಿಯನ್ನೇ ಬಳಿದು ಹೋಗಲು ಬಿಡಬೇಡಿ.

ಜಾಯಿಂಟ್‌ಗೆ ಪೈಪ್ ನೇರವಾಗಿ ಕತ್ತರಿಸಿ, ಅಂಚು ಕೆರೆದು, ಒರೆಸಿ, ಎರಡೂ ಕಡೆ ಸಾಲ್ವೆಂಟ್ ಹಚ್ಚಿ. ಒಳಗೆ ತಳ್ಳುವಾಗ ಕಾಲು ಸುತ್ತು ತಿರುಗಿಸಿ, 30 ಸೆಕೆಂಡ್ ಒತ್ತಿ ಹಿಡಿಯಿರಿ. ಬಿಟ್ಟರೆ ಪೈಪ್ ತಾನಾಗಿ ಹೊರಗೆ ಸರಿಯುತ್ತದೆ. ನೀರು ಬಿಡುವುದು ಮರುದಿನ. ಸೋರುವ ಜಾಯಿಂಟ್ ಮೇಲೆ ಎಂ-ಸೀಲ್ ಮೆತ್ತಬೇಡಿ, ಕತ್ತರಿಸಿ ಹೊಸದು ಹಾಕಿ.

ಟ್ಯಾಂಕ್ ಮಾಡುವವರಿಗೆ ತೂತಿನ ಅಳತೆ ಹೇಳುವುದೂ ಬಲ್ಕ್‌ಹೆಡ್ ಕೈಗೆ ಬಂದ ಮೇಲೆಯೇ. ಗಾಜಿನ ಅಂಚಿನಿಂದ ತೂತಿನ ಅಂಚಿಗೆ ಕಡೇಪಕ್ಷ ತೂತಿನಷ್ಟೇ ಅಗಲದ ಜಾಗ ಬಿಡಿಸಿ. ಟಫನ್ಡ್ ಗಾಜಾಗಿದ್ದರೆ ಆಮೇಲೆ ಕೊರೆಯಲು ಬರುವುದಿಲ್ಲ, ಬಿಟ್ ತಾಗಿದರೆ ಪೂರ್ತಿ ಪುಡಿ. ಮೊದಲೇ ಕೇಳಿಕೊಳ್ಳಿ. ರಬ್ಬರ್ ವಾಶರ್ ಟ್ಯಾಂಕಿನ ಒಳಗೆ, ಅಗಲ ಅಂಚಿನ ಕಡೆ ಕೂರಬೇಕು. ನಟ್ ಕೈಯಲ್ಲೇ ಬಿಗಿ ಮಾಡಿ, ಆಮೇಲೆ ಚೂರೇ ಚೂರು ಸ್ಪ್ಯಾನರ್. ಬಲ ಹಾಕಿ ಗಾಜು ಬಿರುಕು ಬಿಡಿಸಿದವರನ್ನು ನೋಡಿದ್ದೇನೆ.

ಡ್ರಾಯಿಂಗ್‌ನಲ್ಲಿ ಯೂನಿಯನ್ (ಕೈಯಲ್ಲೇ ಬಿಚ್ಚಿ ಜೋಡಿಸುವ ಜಾಯಿಂಟ್) ಒಂದೂ ಕಾಣಲಿಲ್ಲ. ಪಂಪ್ ಮೇಲೆ ಒಂದು, ಗೇಟ್ ವಾಲ್ವ್‌ನ ಎರಡೂ ಕಡೆ ಒಂದೊಂದು, ಪ್ರತಿ ಬಲ್ಕ್‌ಹೆಡ್ ಕೆಳಗೆ ಒಂದು. ಇಲ್ಲದಿದ್ದರೆ ಪಂಪ್ ತೊಳೆಯಲು ಪೈಪ್ ಕೊಯ್ಯಬೇಕಾಗುತ್ತದೆ. ಒಂದು ಕಡೆ ಗಟ್ಟಿ 90 ಡಿಗ್ರಿ ಎಲ್ಬೋ ಹಾಕುವ ಬದಲು ಎರಡು 45 ಹಾಕಿ. ರಿಟರ್ನ್ ಪೈಪ್ ಪಂಪಿನ ಬಾಯಿಗಿಂತ ಒಂದು ಸೈಜ್ ದೊಡ್ಡದಿರಲಿ.

ಪಂಪ್ ಸಾಕು ಅಂದೆನಲ್ಲ, ಕಾರಣ ಇಷ್ಟೇ. ಬಾಕ್ಸ್ ಮೇಲಿನ 5000 ಎತ್ತರವೇ ಇಲ್ಲದಾಗಿನ ಸಂಖ್ಯೆ. ಎಚ್-ಮ್ಯಾಕ್ಸ್ (ನೀರೆತ್ತಬಲ್ಲ ಗರಿಷ್ಠ ಎತ್ತರ) 3 ಮೀಟರ್ ಇರುವ ಪಂಪ್ ನಿಮ್ಮ ಸುಮಾರು 1.3 ಮೀಟರ್ ಎತ್ತರಕ್ಕೆ, ಎಲ್ಬೋಗಳನ್ನೂ ದಾಟಿ, ಅರ್ಧದ ಆಸುಪಾಸಿಗೆ ಬರುತ್ತದೆ. ನಿಮ್ಮದು 680 ಲೀಟರ್ ಟ್ಯಾಂಕ್. ಅದರ ನೀರು ಗಂಟೆಗೆ ಸುಮಾರು ನಾಲ್ಕು ಸಲ ಸಂಪ್ ಸುತ್ತಿ ಬಂದರೆ ಆಸ್ಕರ್‌ನಂಥ ದೊಡ್ಡ ಮೀನುಗಳಿಗೂ ಧಾರಾಳ. ನನಗೆ ಜೆಬಾವೊದ ಡಿಸಿ ಪಂಪ್ ಇಷ್ಟ, ಸ್ಪೀಡ್ ಕಂಟ್ರೋಲರ್ ಇರುವುದರಿಂದ ಟ್ಯೂನಿಂಗ್ ಸುಲಭ. ಬಜೆಟ್ ಕಡಿಮೆ ಇದ್ದರೆ ಪಂಪ್ ಸಾಧಾರಣದ್ದು ತನ್ನಿ. ಗೇಟ್ ವಾಲ್ವ್, ಯೂನಿಯನ್‌ನಲ್ಲಿ ಮಾತ್ರ ಉಳಿಸಬೇಡಿ.

ಉಲ್ಟಾ ಲೆಕ್ಕವೂ ಒಂದಿದೆ. ಡ್ರೈನ್ ಎರಡೂ ಕಟ್ಟಿಕೊಂಡರೆ ಪಂಪ್ ತಾನು ಕೂತಿರುವ ರಿಟರ್ನ್ ಚೇಂಬರ್ (ಸಂಪ್‌ನ ಕೊನೆಯ ಭಾಗ) ಖಾಲಿ ಆಗುವ ತನಕ ಮೇಲಕ್ಕೆ ತಳ್ಳುತ್ತದೆ. ಆ ಚೇಂಬರ್ 30 ಲೀಟರ್ ಇದ್ದರೆ ಟ್ಯಾಂಕಿನಲ್ಲಿ ಏರುವುದು 3 ಸೆಂ.ಮೀ.ಗೂ ಕಡಿಮೆ. ಹಾಗಾಗಿ ಚೇಂಬರ್ ಚಿಕ್ಕದಿರಲಿ, ಟ್ಯಾಂಕಿನ ಅಂಚಿಗೆ 5 ಸೆಂ.ಮೀ. ಬಿಟ್ಟೇ ನೀರಿನ ಮಟ್ಟ ಇಡಿ. ಇದೇ ಕಾರಣಕ್ಕೆ ಸಂಪ್‌ಗೆ ಫ್ಲೋಟ್ ವಾಲ್ವ್ (ನೀರು ಇಳಿದಾಗ ತಾನಾಗಿ ತೆರೆಯುವ ವಾಲ್ವ್) ಹಾಕಿ ನೇರವಾಗಿ ಟೆರೇಸ್ ಟ್ಯಾಂಕಿಗೆ ಜೋಡಿಸಬೇಡಿ. ಅದು ಒಂದು ದಿನ ಸಿಕ್ಕಿಕೊಂಡರೆ ಮೇಲಿನ ನೀರೆಲ್ಲಾ ಮನೆಯೊಳಗೆ, ಕ್ಲೋರಿನ್ ಸಮೇತ. ಪಕ್ಕದಲ್ಲಿ 20 ಲೀಟರಿನ ಒಂದು ಕ್ಯಾನ್ ಇಟ್ಟು ಆವಿಯಾದಷ್ಟು ನೀರನ್ನು ಅದರಿಂದ ಟಾಪ್-ಅಪ್ ಕೊಡಿ.

ಹೇಗೂ ಪೈಪ್ ಕತ್ತರಿಸುತ್ತಿದ್ದೀರಿ, ರಿಟರ್ನ್ ಲೈನಿನಲ್ಲಿ ಒಂದು ಟೀ, ಒಂದು ಬಾಲ್ ವಾಲ್ವ್ ಬಿಟ್ಟುಬಿಡಿ. ನೀರು ಬದಲಿಸುವ ದಿನ ಹೋಸ್ ಸಿಕ್ಕಿಸಿ ವಾಲ್ವ್ ತಿರುಗಿಸಿದರೆ ಪಂಪೇ ನೀರು ಹೊರಹಾಕುತ್ತದೆ. ನಿಮ್ಮದು ಸಿಹಿನೀರಿನ ಟ್ಯಾಂಕ್, ಆ ನೀರನ್ನು ಬಾಲ್ಕನಿಯ ದಾಸವಾಳಕ್ಕೆ, ಕರಿಬೇವಿಗೆ ಹಾಕಿ. ಟ್ಯಾಂಕ್ ಹಿಂದೆ ಗೋಡೆಗೆ 6 ಇಂಚು ಜಾಗ ಬಿಡಿ, ಕೈ ಹೋಗಬೇಕು. ಕ್ಯಾಬಿನೆಟ್ ಬಾಗಿಲಿನಿಂದ ಸಂಪ್ ಹೊರಗೆ ಬರುತ್ತದಾ ಎಂದು ಟೇಪ್ ಹಿಡಿದು ನೋಡಿ. ಹನಿ ಪ್ಲಗ್‌ಗೆ ಹರಿಯದಂತೆ ಪ್ರತಿ ವೈರ್ ಪ್ಲಗ್‌ಗಿಂತ ಕೆಳಗೆ ಒಂದು ಸಲ ಇಳಿದು ಮೇಲೆ ಹೋಗಲಿ, ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಇನ್ವರ್ಟರ್‌ಗೆ ಪಂಪ್ ಬೇಡ, ಒಂದು ಏರ್ ಪಂಪ್ ಹಾಕಿದರೆ ರಾತ್ರಿ ಕರೆಂಟ್ ಇಲ್ಲದಾಗ ಮೀನು ಉಳಿಯುತ್ತವೆ. ಇನ್ನು ನೀರು, ಗಾಜು, ಸ್ಟ್ಯಾಂಡ್ ಎಲ್ಲಾ ಸೇರಿದರೆ ಒಂದು ಟನ್ ಹತ್ತಿರ ಬರುತ್ತದೆ. ಎರಡನೇ ಮಹಡಿಯಲ್ಲಿ ಬೀಮ್ ಎಲ್ಲಿದೆ ಎಂದು ಎಂಜಿನಿಯರ್‌ಗೆ ತೋರಿಸಿ ಜಾಗ ಗೊತ್ತು ಮಾಡಿ, ಪ್ಲಂಬಿಂಗ್ ಅದಾದ ಮೇಲೆ.

ಮರಳು, ಮೀನು ಹಾಕುವ ಮೊದಲು ಬರೀ ನೀರಿನಲ್ಲಿ ಒಂದು ಇಡೀ ದಿನ ಓಡಿಸಿ. ಪ್ರತಿ ಜಾಯಿಂಟ್ ಕೆಳಗೆ ಒಣ ಟಿಶ್ಯೂ ಇಡಿ, ಒಂದು ಹನಿ ಬಿದ್ದರೂ ಗೊತ್ತಾಗುತ್ತದೆ. ಆಮೇಲೆ ಸ್ವಿಚ್ ಆಫ್ ಮಾಡಿ, ಸಂಪ್ ನೀರು ಎಲ್ಲಿಗೆ ಬಂದು ನಿಂತಿತು ನೋಡಿ. ಮತ್ತೆ ಆನ್ ಮಾಡಿ, ಸೈಫನ್ ತಾನಾಗಿ ಹಿಡಿಯಿತಾ ನೋಡಿ. ಹೀಗೆ ಐದಾರು ಸಲ. ಓಡುವಾಗ ಸಂಪ್‌ನಲ್ಲಿ ನೀರು ಇರಬೇಕಾದ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆದು, ಅದಕ್ಕಿಂತ ಜಾಸ್ತಿ ತುಂಬಬಾರದೆಂದು ಮನೆಯವರಿಗೆಲ್ಲಾ ಹೇಳಿಡಿ.

ತಿದ್ದಿದ ಡ್ರಾಯಿಂಗ್ ಇಲ್ಲೇ ಹಾಕಿ. ಓವರ್‌ಫ್ಲೋ ಬಾಕ್ಸಿನ ಒಳ ಅಳತೆಯನ್ನೂ ಬರೆಯಿರಿ, 1 ಮತ್ತು 1.5 ಇಂಚಿನ ಎರಡೂ ಬಲ್ಕ್‌ಹೆಡ್‌ಗಳ ನಟ್ ಅದರೊಳಗೆ ಪಕ್ಕಪಕ್ಕ ತಿರುಗುತ್ತವಾ ನೋಡಿ ಹೇಳುತ್ತೇನೆ.