ಹಳೆಯ ಸೇನಾ ಟ್ರೈಲರ್ ಮೇಲೆ ಮನೆ ಕಟ್ಟಬೇಡಿ, ಭಾರ ಎಲ್ಲಿ ಕೂರುತ್ತದೆಂದು ಮೊದಲು ನೋಡಿ

ಗುಜರಿಯಲ್ಲಿ ಸಿಕ್ಕಿದ ಸೇನೆಯ ಕಾಲು ಟನ್ ಜೀಪ್ ಟ್ರೈಲರ್, ಮೇಲೆ ಡೇರೆ ಕೂರಿಸಲು ಕಬ್ಬಿಣದ ಚೌಕಟ್ಟು, ಹಿಂಬದಿಯ ಬಾಗಿಲು ತೆರೆದರೆ ಅಡುಗೆಮನೆ, ಅದರ ಕೆಳಗೆ ನೀರಿನ ಟ್ಯಾಂಕ್, ಎಳೆಯಲು ಥಾರ್ ಜೀಪು: ನಿಮ್ಮ ಯೋಜನೆ ಇದು ಎಂದು ಬರೆದಿದ್ದೀರಿ. ನಾನು ಮಂಗಳೂರಿನ ಬೈಕಂಪಾಡಿಯ ಶೆಡ್ಡಿನಲ್ಲಿ ಕಟ್ಟಿದ್ದೂ ಇದನ್ನೇ, ಟ್ಯಾಂಕ್ ಇಟ್ಟ ಜಾಗವೂ ಅದೇ. ಮೂಕಿಯ (ಎಳೆಯುವ ಮುಂಗಂಬದ) ತುದಿಯಲ್ಲಿ ಜೀಪಿನ ಹುಕ್ಕಿಗೆ ಸಿಕ್ಕಿಸುವ ಉಂಗುರ ಕತ್ತರಿಸಿ, ಗುಂಡಿನ ಮೇಲೆ ಕೂರುವ ಬಾಲ್ ಹಿಚ್ ಹಾಕಬೇಕೇ, ಹಳೆಯ ಹಸಿರು ಬಣ್ಣ ಉಳಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಎರಡಕ್ಕೂ ಉತ್ತರ ಇದೆ. ಆದರೆ ನೀವು ಕೇಳದೇ ಬಿಟ್ಟದ್ದು ಅವೆರಡಕ್ಕಿಂತ ದೊಡ್ಡದು, ಅದನ್ನು ಮೊದಲು ಹೇಳುತ್ತೇನೆ.

ನಾನೂ ಭಾವನೂ ಭಟ್ಕಳದ ಕಡೆಯಿಂದ ಹಿಂತಿರುಗುತ್ತಿದ್ದೆವು. ರಾತ್ರಿ ಮರವಂತೆ ಹತ್ತಿರ ನೆಂಟರ ಜಾಗದಲ್ಲಿ ತಂಗುವುದೆಂದು ಮಾತಾಗಿತ್ತು. ಬೇಸಿಗೆಯಲ್ಲಿ ಅಲ್ಲಿನ ಬಾವಿಯ ನೀರು ಉಪ್ಪಾಗುತ್ತದೆ, ಆದ್ದರಿಂದ ಭಟ್ಕಳದಲ್ಲೇ 80 ಲೀಟರ್ ಟ್ಯಾಂಕನ್ನು ಕಂಠಮಟ್ಟ ತುಂಬಿಸಿಕೊಂಡೆವು. ಹೋಗುವಾಗ ಟ್ಯಾಂಕ್ ಖಾಲಿ ಇತ್ತು, ದಾರಿಯುದ್ದಕ್ಕೂ ಟ್ರೈಲರ್ ಸದ್ದಿಲ್ಲದೆ ಹಿಂದೆ ಬಂದಿತ್ತು. ಈ ಸಲ ಶಿರೂರು ದಾಟಿ ಒತ್ತಿನೆಣೆಯ ಇಳಿಜಾರಿಗೆ ಬಂದಾಗ ಚತುಷ್ಪಥ ರಸ್ತೆ ಖಾಲಿ, ವೇಗ ಗೊತ್ತಾಗದಂತೆ 70 ಮುಟ್ಟಿತ್ತು. ಮೀನಿನ ಕಂಟೇನರ್ ಲಾರಿಯೊಂದು ನಮ್ಮನ್ನು ಹಿಂದಿಕ್ಕಿತು. ಅದರ ಗಾಳಿ ಬಡಿದ ಮರುಕ್ಷಣ ಹಿಂದಿನಿಂದ ಯಾರೋ ಜೀಪನ್ನು ಎಡಕ್ಕೆ ಎಳೆದ ಹಾಗಾಯಿತು, ಆಮೇಲೆ ಬಲಕ್ಕೆ, ಮತ್ತೆ ಎಡಕ್ಕೆ ಇನ್ನೂ ಜೋರಾಗಿ. ಕನ್ನಡಿಯಲ್ಲಿ ಒಮ್ಮೆ ಟ್ರೈಲರಿನ ಎಡಗಾಲಿ ಕಂಡರೆ ಮತ್ತೊಮ್ಮೆ ಬಲಗಾಲಿ ಕಾಣುತ್ತಿತ್ತು. ನಾನು ಬ್ರೇಕ್ ತುಳಿದೆ. ಅಲ್ಲಿಗೆ ಮುಗಿಯಿತು. ಟ್ರೈಲರ್ ಒಂದು ಗಾಲಿಯ ಮೇಲೆ ಎದ್ದು, ಮಗುಚಿ, ಚರಂಡಿಗೆ ಒರಗಿತು. ಜೀಪು ರಸ್ತೆಗೆ ಅಡ್ಡವಾಗಿ ನಿಂತಿತು. ಹಿಂದೆ ಬರುತ್ತಿದ್ದ ಬಸ್ಸು ದೂರದಲ್ಲಿತ್ತು, ಚಾಲಕ ಸಮಯಕ್ಕೆ ನಿಲ್ಲಿಸಿದ. ಇಬ್ಬರಿಗೂ ಏನೂ ಆಗಲಿಲ್ಲ. ಚೌಕಟ್ಟು, ಡೇರೆ, ಅಡುಗೆ ಪೆಟ್ಟಿಗೆ ಎಲ್ಲ ಗುಜರಿಗೆ ಹೋದವು. ಮೂಕಿ ಬಾಗಿತ್ತು, ಜೀಪಿನ ಚೇಸಿಸ್‌ನ ಹಿಂದಿನ ಅಡ್ಡಪಟ್ಟಿ ತಿರುಚಿಕೊಂಡಿತ್ತು. ಅದನ್ನು ನೇರ ಮಾಡಿಸಲು ತೆತ್ತ ಹಣ ಟ್ರೈಲರ್ ಕೊಂಡ ಬೆಲೆಗಿಂತ ಹೆಚ್ಚು.

ವೇಗ ಜಾಸ್ತಿಯಾಯಿತು, ಲಾರಿಯ ಗಾಳಿ ಬಡಿಯಿತು ಎಂದು ಕೇಳಿದವರೆಲ್ಲ ಹೇಳಿದರು. ಅವು ನೆಪ. ತಪ್ಪು ನಡೆದದ್ದು ಶೆಡ್ಡಿನಲ್ಲಿ, ಅಡುಗೆ ಪೆಟ್ಟಿಗೆಯನ್ನೂ ಟ್ಯಾಂಕನ್ನೂ ಅಚ್ಚಿನ (ಎರಡು ಗಾಲಿಗಳನ್ನು ಜೋಡಿಸುವ ಆಕ್ಸಲ್‌ನ) ಹಿಂದೆ ಬೆಸುಗೆ ಹಾಕಿದ ದಿನ. ಇದನ್ನು ಸ್ವಲ್ಪ ಉದ್ದಕ್ಕೇ ವಿವರಿಸುತ್ತೇನೆ, ದಯವಿಟ್ಟು ಬಿಟ್ಟು ಓದಬೇಡಿ.

ಒಂದೇ ಅಚ್ಚಿನ ಟ್ರೈಲರಿನಲ್ಲಿ ಭಾರವೆಲ್ಲ ಆ ಅಚ್ಚಿನ ಮೇಲೆ ತೂಗುತ್ತದೆ. ಬಾವಿಯ ಏತದ ಹಿಂದಿನ ತುದಿಗೆ ಕಲ್ಲು ಕಟ್ಟಿದರೆ ಮುಂದಿನ ತುದಿ ತಾನಾಗಿ ಮೇಲೇಳುತ್ತದಲ್ಲ, ಇಲ್ಲಿ ಆಗುವುದೂ ಅಷ್ಟೇ. ಅಚ್ಚಿನಿಂದ ಉಂಗುರಕ್ಕೆ ಆರು ಅಡಿ ಎಂದು ಇಟ್ಟುಕೊಳ್ಳಿ. ಅಚ್ಚಿನಿಂದ ಮೂರು ಅಡಿ ಹಿಂದೆ 80 ಕೆ.ಜಿ. ನೀರು ಇಟ್ಟರೆ ಉಂಗುರದ ಮೇಲಿನ ಭಾರ 40 ಕೆ.ಜಿ. ಕಡಿಮೆಯಾಗುತ್ತದೆ. ಟ್ಯಾಂಕ್ ಖಾಲಿ ಇದ್ದಾಗ ನನ್ನ ಉಂಗುರ ಹುಕ್ಕಿನ ಮೇಲೆ ಸುಮಾರು 20 ಕೆ.ಜಿ. ಭಾರ ಹಾಕುತ್ತಿತ್ತು. ಟ್ಯಾಂಕ್ ತುಂಬಿದ ಮೇಲೆ ಅದು ಹುಕ್ಕನ್ನು 20 ಕೆ.ಜಿ.ಯಷ್ಟು ಮೇಲಕ್ಕೆ ಎತ್ತುತ್ತಿತ್ತು. ಜೀಪಿನ ಹಿಂದಿನ ಗಾಲಿಗಳನ್ನು ನೆಲಕ್ಕೆ ಒತ್ತಬೇಕಾದ ಗಾಡಿ ಅವನ್ನು ನೆಲದಿಂದ ಬಿಡಿಸುತ್ತಿತ್ತು. ಉಂಗುರ ಹುಕ್ಕಿನೊಳಗೆ ಬಂದಿಯಾಗಿದ್ದರಿಂದ ಕಳಚಿ ಬೀಳಲಿಲ್ಲ, ನನಗೆ ತಿಳಿಯಲೂ ಇಲ್ಲ.

ಟ್ರೈಲರನ್ನು ಎಳೆಯುವಾಗ ಸರಿಯಾದ ಲೆಕ್ಕ ಇದು: ಟ್ರೈಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಭಾರ ಉಂಗುರದ ಮೇಲೆ ಇರಬೇಕು. 400 ಕೆ.ಜಿ. ಗಾಡಿಗೆ 40ರಿಂದ 60 ಕೆ.ಜಿ. ಅದಕ್ಕಿಂತ ಕಡಿಮೆಯಾದರೆ ಗಾಡಿಯ ಹಿಂಬದಿ ಅತ್ತಿತ್ತ ತೂಗಲು ಕಾದಿರುತ್ತದೆ. ನಿಧಾನಕ್ಕೆ ಹೋದರೆ ಪ್ರತಿ ತೂಗಾಟವೂ ತಾನಾಗಿ ಅಡಗುತ್ತದೆ. ಒಂದು ವೇಗ ದಾಟಿದ ಮೇಲೆ ಪ್ರತಿ ತೂಗಾಟ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಸ್ಟಿಯರಿಂಗ್ ತಿರುಗಿಸಿ ಸರಿಪಡಿಸಲು ಹೋದರೆ ನಮ್ಮ ಕೈ ಯಾವಾಗಲೂ ಅರೆಕ್ಷಣ ತಡ, ಹಾಗಾಗಿ ನಾವೇ ಅದನ್ನು ಹೆಚ್ಚಿಸುತ್ತೇವೆ. ಬ್ರೇಕ್ ತುಳಿದರೆ ಇನ್ನೂ ಕೇಡು, ಏಕೆಂದರೆ ಈ ಟ್ರೈಲರಿಗೆ ನಿಲ್ಲಿಸಿಡುವ ಹ್ಯಾಂಡ್‌ಬ್ರೇಕ್ ಬಿಟ್ಟರೆ ಓಡುವಾಗಿನ ಬ್ರೇಕ್ ಇಲ್ಲ. ಜೀಪು ನಿಧಾನವಾಗುತ್ತದೆ, ಟ್ರೈಲರ್ ಹಿಂದಿನಿಂದ ನೂಕುತ್ತದೆ. ತೂಗಾಟ ಶುರುವಾದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರ ಹಿಡಿದು, ವೇಗ ತಾನಾಗಿ ಇಳಿಯಲು ಬಿಡುವುದೊಂದೇ ದಾರಿ.

ನನಗೆ ಸುಳಿವು ಸಿಕ್ಕಿತ್ತು ಎಂಬುದೇ ಈಗಲೂ ಕಾಡುತ್ತದೆ. ಶೆಡ್ಡಿನಲ್ಲಿ ಮೊದಲ ಸಲ ಟ್ರೈಲರ್ ಸಿಕ್ಕಿಸುವಾಗ ಮೂಕಿ ಒಂದೇ ಕೈಗೆ ಎದ್ದು ಬಂತು. ಎಷ್ಟು ಚೆನ್ನಾಗಿ ಸಮತೂಕ ಕೂತಿದೆ ಎಂದು ಸಂತೋಷಪಟ್ಟೆ, ಭಾವನಿಗೂ ಎತ್ತಿ ತೋರಿಸಿದೆ. ಮೂಕಿ ಹಗುರವಾಗಿರುವುದು ಒಳ್ಳೆಯ ಲಕ್ಷಣವಲ್ಲ. ಸುಲಭವಾಗಿ ಎತ್ತಲು ಬಂದರೆ ಆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.

ಆದ್ದರಿಂದ ನಿಮ್ಮ ಯೋಜನೆಯ ಬುಡಕ್ಕೇ ನನ್ನ ವಿರೋಧವಿದೆ. ಮಲಗುವ ಮನೆಯನ್ನು ಇದರ ಮೇಲೆ ಕಟ್ಟಬೇಡಿ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬ್ಯಾಂಟಮ್ ಮತ್ತು ವಿಲ್ಲಿಸ್ ಕಂಪನಿಗಳು ಜೀಪಿಗೆಂದು ಮಾಡಿದ ಈ ಬಗೆಯ ಟ್ರೈಲರಿನ ಖಾಲಿ ತೂಕ ಸುಮಾರು 250 ಕೆ.ಜಿ., ಹೊರಬೇಕಾದದ್ದು ಸುಮಾರು 225 ಕೆ.ಜಿ. ನಮ್ಮ ಸೇನೆಯ ಜೀಪುಗಳ ಹಿಂದೆ ಓಡಿದ ಕಾಲು ಟನ್ ಟ್ರೈಲರ್‌ಗಳೂ ಇದೇ ಅಂದಾಜಿನವು. ಕಬ್ಬಿಣದ ಚೌಕಟ್ಟು, ಮಡಚುವ ಡೇರೆ, ಅಡುಗೆ ಪೆಟ್ಟಿಗೆ, ನೀರು ಸೇರಿದರೆ ಆ 225 ಮುಗಿದೇ ಹೋಗುತ್ತದೆ, ಅಕ್ಕಿ ಬೇಳೆ ಹಾಸಿಗೆ ಇನ್ನೂ ಹೊರಗೇ ಇರುತ್ತವೆ. ಮೇಲಾಗಿ ಡೇರೆಯ ಭಾರ ಎತ್ತರದಲ್ಲಿ ಕೂತು ಮಗುಚುವುದನ್ನು ಸುಲಭ ಮಾಡುತ್ತದೆ. ಬಾಗಿದ ಮೂಕಿಯನ್ನು ನೋಡಲು ಬಂದ ಕಿನ್ನಿಗೋಳಿ ಕಡೆಯ ನಿವೃತ್ತ ಸೈನಿಕರೊಬ್ಬರು, ಸೇನೆಯ ವಾಹನ, ಯಂತ್ರಗಳನ್ನು ದುರಸ್ತಿ ಮಾಡುವ ಇಎಂಇ ವಿಭಾಗದಲ್ಲಿ ದುಡಿದವರು, ಹೇಳಿದ್ದು ಇಷ್ಟೇ: "ಇದು ಸಾಮಾನು ಹೊರುವ ಗಾಡಿ ಮಾರಾಯರೇ, ಇದರ ಮೇಲೆ ಯಾಕೆ ಮನೆ ಕಟ್ಟುತ್ತೀರಿ? ಸಾಮಾನು ತುಂಬಿ, ಟರ್ಪಾಲು ಬಿಗಿಯಿರಿ, ಡೇರೆಯನ್ನು ನೆಲದ ಮೇಲೆ ಹಾಕಿ." ಅಂದಿನಿಂದ ನಾನು ಹಾಗೆಯೇ ಮಾಡುತ್ತಿದ್ದೇನೆ. ನೀರಿನ ಕ್ಯಾನುಗಳು ಟ್ರೈಲರಿನ ತೊಟ್ಟಿಯೊಳಗೆ ಅಚ್ಚಿಗಿಂತ ತುಸು ಮುಂದೆ, ತಳದಲ್ಲಿ. ಹಾಸಿಗೆ, ಬಟ್ಟೆ ಹಿಂದೆ. ವೇಗ 50 ದಾಟಿಸುವುದಿಲ್ಲ.

ಈಗ ದುರಸ್ತಿ. ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿ ಕಬ್ಬಿಣವನ್ನು ಕಾಣದ ಜಾಗದಿಂದ ತಿನ್ನುತ್ತದೆ. ತೊಟ್ಟಿಯ ಹೊರಮೈ ಚೆನ್ನಾಗಿ ಕಂಡರೆ ಮರುಳಾಗಬೇಡಿ. ತೊಟ್ಟಿ ಚೇಸಿಸ್ ಮೇಲೆ ಕೂರುವ ಸಂದಿ, ಸ್ಪ್ರಿಂಗ್ ತೂಗುವ ಕೊಂಡಿಗಳ ಸುತ್ತ, ಮೂಕಿ ಚೇಸಿಸ್‌ಗೆ ಸೇರುವ ಕಡೆ, ಇಷ್ಟನ್ನೂ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡಿ ಹೊಪ್ಪಳೆ ಉದುರಿಸುತ್ತದೆ. ಹಾಗೆ ಉದುರುವ ಕಡೆ ಪುಟ್ಟಿ ಮೆತ್ತುವುದು ಆತ್ಮವಂಚನೆ. ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಮೇಲೆ ಮಾಮೂಲಿ ರೆಡ್ ಆಕ್ಸೈಡ್ ಬಳಿದರೆ ನಮ್ಮ ಮಳೆಗೆ ಸಾಲದು. ಉಕ್ಕಿನ ದೋಣಿಗಳಿಗೆ ಬಳಿಯುವ ಎಪಾಕ್ಸಿ ಪ್ರೈಮರ್ ತನ್ನಿ, ಮಲ್ಪೆಯ ಕಡೆ ವಿಚಾರಿಸಿ. ತೊಟ್ಟಿಯ ತಳದಲ್ಲಿ ನೀರು ಬಸಿಯುವ ತೂತುಗಳಿಗೆ ಬಿರಡೆಗಳಿರುತ್ತವೆ. ಮೂಲ ಟ್ರೈಲರ್‌ಗಳನ್ನು ನೀರಿನ ಮೇಲೆ ತೇಲುವ ಹಾಗೆ ಮಾಡಿದ್ದರಿಂದ ತೊಟ್ಟಿಗೆ ಬಿದ್ದ ಮಳೆನೀರಿಗೆ ಬೇರೆ ದಾರಿಯೇ ಇಲ್ಲ. ಮಳೆಗಾಲಕ್ಕೆ ಆ ಬಿರಡೆ ತೆಗೆದು, ಗಾಲಿಗಳನ್ನು ಮುರಕಲ್ಲಿನ (ಕೆಂಪುಕಲ್ಲಿನ) ಮೇಲೆ ಎತ್ತಿ, ಗಾಳಿಯಾಡುವಂತೆ ಮುಚ್ಚಿಡಿ.

ಗಾಲಿಯ ಬೇರಿಂಗ್ ಬಿಚ್ಚದೆ ಒಂದು ಕಿಲೋಮೀಟರೂ ಎಳೆಯಬೇಡಿ. ಒಳಗಿನ ಹಳೆಯ ಗ್ರೀಸ್ ಅಂಟಾಗಿ ಗಟ್ಟಿಯಾಗಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಉರುಳೆಗಳನ್ನು ಬೆಳಕಿಗೆ ಹಿಡಿದು ನೋಡಿ. ನೀಲಿ ಛಾಯೆ ಅಥವಾ ಕುಳಿ ಕಂಡರೆ ಹೊಸದು ಹಾಕಿ. ನಟ್ಟನ್ನು ಗಾಲಿ ತಿರುಗಿಸುತ್ತಾ ಬಿಗಿದು, ಆಮೇಲೆ ತುಸು ಸಡಿಲಿಸಿ, ಪಿನ್ ಹಾಕಿ. ಮೊದಲ ಓಟದಲ್ಲಿ ಮೂಲ್ಕಿವರೆಗೆ ಹೋಗಿ ಇಳಿದು ಗಾಲಿಯ ನಡುವಿಗೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಬಿಗಿ ಹೆಚ್ಚಾಗಿದೆ ಇಲ್ಲವೇ ಗ್ರೀಸ್ ಸಾಲದು. ಟೈರ್ ಹೊಸದೇ ಬೇಕು. ದೀಪಗಳಿಗೆ ಹೊಸ 12 ವೋಲ್ಟ್ ತಂತಿ ಎಳೆಯಿರಿ, ಜೊತೆಗೆ ಅರ್ಥಿಂಗ್‌ಗೆ ಪ್ರತ್ಯೇಕ ತಂತಿ. ಉಂಗುರ ಮತ್ತು ಹುಕ್ಕಿನ ಮೂಲಕ ಅರ್ಥಿಂಗ್ ಸಿಗುತ್ತದೆ ಎಂದು ನಂಬಿದರೆ, ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗುತ್ತದೆ.

ಉಂಗುರವನ್ನು ಕತ್ತರಿಸಬೇಡಿ. ಅದು ಕಟಕಟ ಸದ್ದು ಮಾಡುತ್ತದೆ ನಿಜ, ಆದರೆ ಹುಕ್ಕಿನೊಳಗೆ ಎಲ್ಲ ದಿಕ್ಕಿಗೂ ತಿರುಗುತ್ತದೆ. ಒತ್ತಿನೆಣೆಯಲ್ಲಿ ಟ್ರೈಲರ್ ಮಗುಚಿದಾಗ ಜೀಪು ಅದರ ಜೊತೆ ಮಗುಚದೆ ಗಾಲಿಗಳ ಮೇಲೆ ಉಳಿದದ್ದು ಉಂಗುರ ಹುಕ್ಕಿನಲ್ಲಿ ತಿರುಗಿದ್ದರಿಂದ. ಥಾರ್‌ಗೆ ಅದೇ ಮಾದರಿಯ ಹುಕ್ಕು ಹಾಕಿಸಿ, ಬಂಪರಿಗಲ್ಲ, ಚೇಸಿಸ್‌ಗೆ. ಎರಡು ಸುರಕ್ಷಾ ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯಂತೆ ಹಾಯಿಸಿ ಜೀಪಿಗೆ ಕಟ್ಟಿ, ಮೂಕಿ ಕಳಚಿದರೂ ಅದು ರಸ್ತೆಗೆ ಮೂತಿ ಊರದೆ ಸರಪಳಿಗಳ ಮೇಲೆ ಕೂರುತ್ತದೆ.

ಹಸಿರು ಬಣ್ಣ ಉಳಿಸಿಕೊಳ್ಳುವ ಹಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ನಾನು ಕೆಮ್ಮಣ್ಣಿನ ಬಣ್ಣ ಬಳಿಸಿದ್ದೇನೆ, ನಮ್ಮೂರಿನ ಧೂಳು ಅದರ ಮೇಲೆ ಕಾಣುವುದೂ ಇಲ್ಲ.

ಎಲ್ಲಿಗೆ ಒಯ್ಯಬಹುದು ಎಂದೂ ಕೇಳಿದ್ದೀರಿ. ಸಮುದ್ರದ ಮರಳಿಗೆ ಇಳಿಸಬೇಡಿ, ಗಾಲಿ ಹೂತರೆ ಜೀಪೂ ಹೂತುಹೋಗುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ ವನ್ಯಧಾಮದ ಒಳಗೆ ರಾತ್ರಿ ಬೀಡು ಬಿಡುವ ಯೋಚನೆಯನ್ನೇ ಬಿಡಿ. ನನಗೆ ಇಷ್ಟವಾದದ್ದು ಕಾರ್ಕಳ, ಹೆಬ್ರಿ ಕಡೆ ಪರಿಚಯದವರ ಮುರಕಲ್ಲಿನ ಪದವು (ಎತ್ತರದ ಬಯಲು), ನವೆಂಬರಿನಿಂದ ಫೆಬ್ರವರಿವರೆಗೆ. ನೆಲ ಗಟ್ಟಿ, ಗಾಳಿ ತಂಪು, ಮನೆಯವರನ್ನು ಕೇಳಿದರೆ ಬಾವಿಯ ಸಿಹಿನೀರೂ ಸಿಗುತ್ತದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯುವಾಗ ಮೊದಲಿನಿಂದಲೇ ಕೆಳಗಿನ ಗೇರಿನಲ್ಲಿ ಇರಿ. ಟ್ರೈಲರಿನ ಭಾರವನ್ನೂ ಜೀಪಿನ ಬ್ರೇಕೇ ತಡೆಯಬೇಕು, ಅದು ಕಾದು ಸೋತರೆ ಹಿಡಿಯಲು ಬೇರೇನೂ ಇಲ್ಲ.

ಬೆಸುಗೆಯವನನ್ನು ಕರೆಯುವ ಮೊದಲು, ಹೊರಡುವ ದಿನದಂತೆಯೇ ಎಲ್ಲ ಸಾಮಾನು ತುಂಬಿ ಬೈಕಂಪಾಡಿಯ ಯಾವುದಾದರೂ ವೇಬ್ರಿಡ್ಜ್‌ನಲ್ಲಿ ತೂಗಿಸಿ. ಆಮೇಲೆ ಸಮನೆಲದಲ್ಲಿ ನಿಲ್ಲಿಸಿ, ಹುಕ್ಕಿನ ಎತ್ತರಕ್ಕೆ ಬರುವಂತೆ ಉಂಗುರದ ಕೆಳಗೆ ಮರದ ತುಂಡು, ಅದರ ಕೆಳಗೆ ಮನೆಯಲ್ಲಿ ನಾವು ತೂಕ ನೋಡಿಕೊಳ್ಳುವ ಯಂತ್ರ ಇಡಿ. ನೀರು ತುಂಬಿಸಿ ಒಮ್ಮೆ, ಖಾಲಿ ಮಾಡಿ ಒಮ್ಮೆ ನೋಡಿ. ಎರಡರಲ್ಲಿ ಒಂದು ಸಲವಾದರೂ ಒಟ್ಟು ತೂಕದ ಶೇ. 10ಕ್ಕಿಂತ ಕಡಿಮೆ ಬಂದರೆ ಸಾಮಾನು ಮುಂದಕ್ಕೆ ಸರಿಸಿ.

ಕೊನೆಯದಾಗಿ ಕಾಗದ. ಇನ್ನೂ ಪೂರ್ತಿ ದುಡ್ಡು ಕೊಟ್ಟಿಲ್ಲ ಎಂದು ಬರೆದಿದ್ದೀರಿ, ಒಳ್ಳೆಯದಾಯಿತು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೈಲರ್ ಕೂಡ ಮೋಟಾರು ವಾಹನವೇ. ಜೀಪಿನ ಕೆಎ 20 ಸಂಖ್ಯೆಯನ್ನು ಅದರ ಬೆನ್ನಿಗೂ ಬರೆದರಷ್ಟೇ ಸಾಲದು, ಅದಕ್ಕೆ ಅದರದೇ ನೋಂದಣಿ, ವಿಮೆ ಬೇಕು. ಸೇನೆಯ ಹರಾಜಿನ ಮೂಲ ಕಾಗದ ಮಾರುವವನ ಬಳಿ ಇದೆಯೇ ಎಂದು ಕೇಳಿ. ತಂತಿಬ್ರಷ್ ಒಂದನ್ನು ಜೊತೆಗೆ ಒಯ್ದು, ಚೇಸಿಸ್ ಮೇಲಿನ ಸಂಖ್ಯೆಯನ್ನು ಉಜ್ಜಿ ಓದಿ, ಕಾಗದದಲ್ಲಿರುವುದಕ್ಕೆ ಹೋಲಿಸಿ. ಎರಡೂ ತಾಳೆಯಾಗದಿದ್ದರೆ ಎಷ್ಟೇ ಅಗ್ಗಕ್ಕೆ ಬಂದರೂ ಆ ಟ್ರೈಲರನ್ನು ಅಲ್ಲಿಯೇ ಬಿಟ್ಟು ಬನ್ನಿ.