ಹಳೆಯ ಕನ್ನಡ ಪುಸ್ತಕಗಳ ಪಿಡಿಎಫ್ ಓದೋಕೆ 10 ಇಂಚಿನ ಇ-ರೀಡರ್ ಬೇಕಾ?

ನಿಮ್ಮ ಹತ್ತಿರ 6 ಇಂಚಿನ ಇ-ರೀಡರ್ ಇದೆ. ಇಂಟರ್ನೆಟ್ ಆರ್ಕೈವ್ ಅನ್ನೋ ಜಾಲತಾಣದಿಂದ ಇಳಿಸಿಕೊಂಡ ಹಳೆಯ ಪುಸ್ತಕಗಳ ಸ್ಕ್ಯಾನ್ ಓದುವಾಗ ಕಣ್ಣು ನೋಯುತ್ತದೆ. 10 ಇಂಚಿನದು ತಗೊಂಡರೆ ಹಿತವಾಗುತ್ತಾ, ಇಲ್ಲಾ ಭಾರಕ್ಕೆ ಕೈ ನೋಯುತ್ತಾ ಅಂತ ಕೇಳಿದ್ದೀರಿ. ನಾನೂ ಇದೇ ಪಾಡು ಪಟ್ಟು ದೊಡ್ಡದಕ್ಕೆ ಬಂದವನು. ಕಣ್ಣಿಗೆ ಖಂಡಿತ ಹಿತ, ಕೈಗೆ ಅಷ್ಟಕ್ಕಷ್ಟೆ. ದುಡ್ಡು ಹಾಕುವ ಮುಂಚೆ ಮಾತ್ರ ಸ್ಕೇಲು ಹಿಡಿದು ಅಳತೆ ನೋಡಿಕೊಳ್ಳಿ.

ಪುಸ್ತಕದ ಮೊದಲ ಪುಟಗಳಲ್ಲಿ ‘ಡೆಮಿ 1/8’ ಅಂತ ಪುಟದ ಅಳತೆ ಅಚ್ಚಾಗಿರುತ್ತದೆ ಅಲ್ವಾ? ಆ ಅಳತೆಯ ಪುಟ ಸುಮಾರು 14 ಸೆಂ.ಮೀ. ಅಗಲ, 21.6 ಸೆಂ.ಮೀ. ಉದ್ದ. ಪರದೆಯ ಇಂಚು ಅಂದರೆ ಮೂಲೆಯಿಂದ ಮೂಲೆಗೆ, ಹಾಗಾಗಿ 6 ಇಂಚಿನ ಪರದೆ ಇರೋದು 9 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದ. ಇಡೀ ಪುಟ ಅದರೊಳಗೆ ಕೂರಬೇಕಾದರೆ ಅಕ್ಷರ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. 10.3 ಇಂಚಿನ ಪರದೆಯಾದರೆ ಸುಮಾರು 15.7 ಸೆಂ.ಮೀ. ಅಗಲ, 21 ಸೆಂ.ಮೀ. ಉದ್ದ. ಅಂದರೆ ಅಚ್ಚಾದ ಪುಟದಷ್ಟೇ. ಸುತ್ತಲಿನ ಖಾಲಿ ಅಂಚನ್ನು ಕತ್ತರಿಸಿಬಿಟ್ಟರೆ ಅಕ್ಷರ ಮೂಲ ಪುಸ್ತಕಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಕನ್ನಡ ಓದುವವರಿಗೆ ಇದು ಬಹಳ ಮುಖ್ಯ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಕೂರುತ್ತವೆ, ಮೇಲಿನ ಅಕ್ಷರಕ್ಕಿಂತ ಸಣ್ಣದಾಗಿ. ಪುಟ ಕುಗ್ಗಿದಾಗ ಮೊದಲು ಕಲಸಿಹೋಗುವುದು ಅವೇ. ಒಂದು ರಾತ್ರಿ ಹಳೆಗನ್ನಡ ಪದ್ಯಗಳ ವಿವರಣೆಯೊಂದನ್ನು ಸಣ್ಣ ಪರದೆಯಲ್ಲಿ ಓದುತ್ತಿದ್ದೆ. ‘ಪದ್ಯದ ಅರ್ಥ’ ಅಂತ ಇದೆಯೋ ‘ಪದ್ಯದ ಅರ್ಧ’ ಅಂತ ಇದೆಯೋ ಗೊತ್ತೇ ಆಗಲಿಲ್ಲ. ಎರಡಕ್ಕೂ ಇರುವ ವ್ಯತ್ಯಾಸ ‘ಥ’ ಅಕ್ಷರದ ಹೊಟ್ಟೆಯೊಳಗಿನ ಒಂದು ಚುಕ್ಕೆ. ಹಿಗ್ಗಿಸಿದೆ, ಪುಟ ಜರುಗಿಸಿದೆ, ಸಾಲು ತಪ್ಪಿತು, ಮತ್ತೆ ಹುಡುಕಿದೆ. ಇ-ರೀಡರ್‌ಗಳಲ್ಲಿರುವ ಇ-ಇಂಕ್ ಪರದೆಯಲ್ಲಿ ಕಪ್ಪು ಬಿಳಿ ಕಣಗಳು ಜಾಗ ಬದಲಿಸಿಯೇ ಚಿತ್ರ ಮೂಡಬೇಕು. ಹಾಗಾಗಿ ಪ್ರತಿ ಸಲ ಜರುಗಿಸಿದಾಗಲೂ ತಡ, ಹಿಂದಿನ ಚಿತ್ರದ ನೆರಳು ಬೇರೆ. ನನ್ನ ಕಣ್ಣನ್ನು ದಣಿಸಿದ್ದು ಬರೀ ಸಣ್ಣ ಅಕ್ಷರ ಅಲ್ಲ, ಈ ಹುಡುಕಾಟ. ದೊಡ್ಡ ಪರದೆಯಲ್ಲಿ ಅದು ನಿಂತಿತು. ಪುಟ ಪೂರ್ತಿ ಕಣ್ಣ ಮುಂದೆ, ಒಂದು ತಟ್ಟು ತಟ್ಟಿದರೆ ಮುಂದಿನ ಪುಟ.

ಆದರೂ ಇವತ್ತೇ ಕೊಳ್ಳಬೇಡಿ. ಮೊದಲು ನಿಮ್ಮ 6 ಇಂಚಿನದನ್ನೇ ಅಡ್ಡ ತಿರುಗಿಸಿ ಓದಿ ನೋಡಿ. ಅಡ್ಡಕ್ಕೆ 12 ಸೆಂ.ಮೀ. ಸಿಗುತ್ತದೆ. ಅಂಚು ಕತ್ತರಿಸಿದರೆ ಡೆಮಿ ಪುಟದ ಸಾಲು ಹೆಚ್ಚುಕಮ್ಮಿ ಮೂಲ ಅಳತೆಯಲ್ಲೇ ಬರುತ್ತದೆ. ಒಂದು ಪುಟಕ್ಕೆ ಎರಡು ಮೂರು ಸಲ ತಟ್ಟಬೇಕು, ಅಷ್ಟೇ. ಕೋರೀಡರ್ ಅನ್ನೋ ಉಚಿತ ತಂತ್ರಾಂಶ ನಿಮ್ಮ ಸಾಧನದಲ್ಲಿ ನಡೆಯುತ್ತದಾ ನೋಡಿ. ಅಂಚು ತಾನೇ ಕತ್ತರಿಸುತ್ತದೆ, ಕಾಂಟ್ರಾಸ್ಟ್ ಏರಿಸೋಕೂ ಬರುತ್ತದೆ. ಮಾಸಿದ ಹಳದಿ ಕಾಗದ ಸ್ಕ್ಯಾನ್‌ನಲ್ಲಿ ಬೂದಿಬಣ್ಣ ಆಗಿರುತ್ತದಲ್ಲ, ಕಾಂಟ್ರಾಸ್ಟ್ ಏರಿಸಿದರೆ ಅದು ತಿಳಿಯಾಗಿ ಅಕ್ಷರ ಎದ್ದು ಕಾಣುತ್ತದೆ. ಒಂದು ವಾರ ಹೀಗೆ ಓದಿ. ಇದೇ ಸಾಕು ಅನ್ನಿಸಿದರೆ ನಿಮ್ಮ ದುಡ್ಡು ಉಳಿಯಿತು.

ಭಾರದ ವಿಷಯ. 10 ಇಂಚಿನವು 400 ಗ್ರಾಂ ಆಸುಪಾಸು ಇರುತ್ತವೆ, ಕವರ್ ಹಾಕಿದರೆ ಇನ್ನೂ ಜಾಸ್ತಿ. ಮಲಗಿಕೊಂಡು ಒಂದೇ ಕೈಯಲ್ಲಿ ಹಿಡಿದು ಓದುವ ಆಸೆ ಇದ್ದರೆ ಬಿಟ್ಟುಬಿಡಿ, ಹತ್ತು ನಿಮಿಷಕ್ಕೆ ಮಣಿಕಟ್ಟು ಹಿಡಿದುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಅಜ್ಜಿ ಪುರಾಣ ಓದುತ್ತಿದ್ದ ಮರದ ವ್ಯಾಸಪೀಠ ಅಟ್ಟದ ಮೇಲಿತ್ತು. ಒರೆಸಿ ಕೆಳಗಿಳಿಸಿದೆ. ಎರಡು ಹಲಗೆಗಳ ನಡುವೆ ಜಾರದಿರಲಿ ಅಂತ ಕೆಳಗೊಂದು ಟವೆಲ್ ಮಡಿಸಿಟ್ಟೆ. ಈಗ ಕೈ ಎರಡೂ ಖಾಲಿ, ಕುತ್ತಿಗೆ ಬಗ್ಗಿಸುವುದೂ ಕಡಿಮೆ. ಕಾಫಿ ಕುಡಿಯುತ್ತಾ ಒಂದು ಗಂಟೆ ಆರಾಮವಾಗಿ ಓದುತ್ತೇನೆ.

ಬೆಳಕನ್ನೂ ಕೇಳಿ ತಗೊಳ್ಳಿ. ದೊಡ್ಡ ಪರದೆಯ ಎಲ್ಲ ಸಾಧನಗಳಲ್ಲೂ ಒಳಗೆ ದೀಪ ಇರುವುದಿಲ್ಲ. ರಿಮಾರ್ಕಬಲ್ 2ರಲ್ಲಿ ಇಲ್ಲ, ಕಿಂಡಲ್ ಸ್ಕ್ರೈಬ್‌ನ ಮೊದಲ ಮಾದರಿಯಲ್ಲಿ ಇದೆ. ಹಗಲು ಕಿಟಕಿ ಪಕ್ಕ ಓದುವವರಿಗೆ ಯಾವುದಾದರೂ ಆಗುತ್ತದೆ. ನನ್ನ ಓದೆಲ್ಲ ರಾತ್ರಿ ಊಟದ ಮೇಲೆ. ದೀಪ ಇಲ್ಲದ್ದನ್ನು ನಾನಂತೂ ಕೊಳ್ಳುವುದಿಲ್ಲ.

ಸ್ಕ್ಯಾನ್ ಅಲ್ಲದ, ಅಕ್ಷರ ಹಿಗ್ಗಿಸಬಹುದಾದ ಇ-ಪುಸ್ತಕಗಳೇ ನಿಮಗೆ ಜಾಸ್ತಿಯಾದರೆ ಇಷ್ಟು ದೊಡ್ಡದು ಬೇಕಿಲ್ಲ. 7ರಿಂದ 8 ಇಂಚು ಸಾಕು. 6ರಲ್ಲಿ ಅಕ್ಷರ ದೊಡ್ಡದು ಮಾಡಿದರೆ ‘ಮಾಡಿಕೊಳ್ಳಬೇಕಾಗಿದ್ದರಿಂದ’ ಅನ್ನುವಂಥ ಒಂದೇ ಪದ ಸಾಲು ತುಂಬಿಬಿಡುತ್ತದೆ, ಅದೊಂದು ಕಿರಿಕಿರಿ. ಎ4 ಪುಟದ ಪ್ರಬಂಧ, ವರದಿ ಓದುವವರಾದರೆ 10.3 ಇಂಚೂ ಸಾಲದು, ಅಕ್ಷರ 70 ಪ್ರತಿಶತಕ್ಕೆ ಇಳಿಯುತ್ತದೆ. ಅದಕ್ಕೆ 13.3 ಇಂಚಿನದೇ ಬೇಕು, ಬೆಲೆಯೂ ಹಾಗೇ ಏರುತ್ತದೆ. ನಿಮ್ಮ ಪಟ್ಟಿಯಲ್ಲಿ ಕಾದಂಬರಿ ಮತ್ತು ಹಳೆಗನ್ನಡ ಕಾವ್ಯ ಇದೆ ಅಂದಿದ್ದೀರಿ. ಅಡ್ಡ ತಿರುಗಿಸಿ ಓದಿಯೂ ಸಮಾಧಾನ ಆಗದಿದ್ದರೆ, ದೀಪ ಇರುವ 10.3 ಇಂಚಿನದನ್ನು ಧೈರ್ಯವಾಗಿ ತಗೊಳ್ಳಿ.